ಮೇಲುಕೋಟೆಗೆ ಕಾರಿಲ್ಲದೆ: ಮೂರು ದಿನದ ನಿಧಾನ ನಡಿಗೆ

ಮೈಸೂರು, ಬೆಂಗಳೂರಿನಿಂದ ಮೇಲುಕೋಟೆಗೆ ಹೋಗುವವರ ಪ್ಲಾನ್ ಹೆಚ್ಚುಕಮ್ಮಿ ಒಂದೇ. ಬೆಳಿಗ್ಗೆ ಕಾರು ಹತ್ತುವುದು, ಹನ್ನೊಂದು ಗಂಟೆ ಬಿಸಿಲಲ್ಲಿ ಏದುಸಿರು ಬಿಡುತ್ತಾ ಯೋಗನರಸಿಂಹನ ಬೆಟ್ಟ ಏರುವುದು, ಕಲ್ಯಾಣಿ ಮುಂದೆ ಫೋಟೊ, ಪುಳಿಯೋಗರೆ, ರಾಯಗೋಪುರ, ಸಂಜೆಗೆ ವಾಪಸ್. ತಪ್ಪೇನಿಲ್ಲ. ಆದರೆ ಹೀಗೆ ಹೋಗಿಬಂದವರು ನೋಡಿದ್ದು ಊರಿನ ಮುಂಬಾಗಿಲು ಮಾತ್ರ. ಊರಿನ ಹಿಂದೆ ಬಂಡೆಗುಡ್ಡಗಳಿವೆ, ಕುರುಚಲು ಕಾಡಿದೆ, ಕಾಡಿನ ನಡುವೆ ಒಂದಾದ ಮೇಲೊಂದು ಕೊಳಗಳಿವೆ. ಅವು ಸಿಗುವುದು ನಡೆಯುವವರಿಗೆ.

ಈ ಲೇಖನ ಅಂಥ ನಡಿಗೆಗೆ. ಪಾಂಡವಪುರದ ಕುಂತಿ ಬೆಟ್ಟದಲ್ಲಿ ಶುರು, ದಾರಿಯಲ್ಲಿ ತೊಣ್ಣೂರು ಕೆರೆ, ಆಮೇಲೆ ಮೇಲುಕೋಟೆಯಲ್ಲಿ ಎರಡು ರಾತ್ರಿ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಕೊಡಗು, ಚಿಕ್ಕಮಗಳೂರಿನ ಮಂಜು, ಹಸಿರು, ಜಲಪಾತ ಯಾವುದೂ ಇಲ್ಲ. ಬೋಳು ಬಂಡೆ, ಒಣ ಕಾಡು, ಕೆಳಗೆ ನೋಡಿದರೆ ಕಬ್ಬು, ಭತ್ತ, ತೆಂಗು. ಹೋಂಸ್ಟೇ, ಕ್ಯಾಂಪ್‌ಫೈರ್ ಬೇಕೆನ್ನುವವರಿಗೆ ಇದು ಹಿಡಿಸುವುದಿಲ್ಲ. ಊರು ನೋಡಿಕೊಂಡು, ಜನರ ಜೊತೆ ಮಾತಾಡಿಕೊಂಡು, ಸುಮ್ನೆ ನಡೆಯುವುದು ಇಷ್ಟವಾದರೆ ಮಾತ್ರ ಮುಂದೆ ಓದಿ.

ತೊಣ್ಣೂರಿನಿಂದ ಮೇಲುಕೋಟೆಗೆ ಎಂಬ ಈ ಕ್ರಮ ನಾನು ಕಂಡುಹಿಡಿದದ್ದಲ್ಲ. 12ನೇ ಶತಮಾನದಲ್ಲಿ ತಮಿಳುನಾಡಿನಿಂದ ಬಂದ ರಾಮಾನುಜಾಚಾರ್ಯರು ಮೊದಲು ನೆಲೆಸಿದ್ದು ತೊಣ್ಣೂರಿನಲ್ಲಿ, ಆಮೇಲೆ ಮೇಲುಕೋಟೆಗೆ ಹೋದರು ಎನ್ನುತ್ತದೆ ಸಂಪ್ರದಾಯ. ಅದೇ ದಾರಿಯಲ್ಲಿ ನಾವೂ ಹೋಗೋಣ.

ಮೊದಲು ತಿಂಗಳು ಆರಿಸಿಕೊಳ್ಳಿ

ನವೆಂಬರ್‌ನಿಂದ ಫೆಬ್ರುವರಿ ಮೊದಲ ವಾರದವರೆಗೆ ಒಳ್ಳೆಯ ಕಾಲ. ಹಿಂಗಾರು ತಗ್ಗಿರುತ್ತದೆ, ಕೊಳಗಳಲ್ಲಿ ನೀರಿರುತ್ತದೆ, ಬೆಳಿಗ್ಗೆ ಚಳಿ ಹಿತವಾಗಿರುತ್ತದೆ. ನವೆಂಬರ್ ಕೊನೆ, ಡಿಸೆಂಬರ್‌ನಲ್ಲಿ ಕಬ್ಬಿಗೆ ಸೂಲಂಗಿ (ಹೂತೆನೆ) ಬಂದು ಗದ್ದೆ ಮೇಲೆಲ್ಲ ಬೆಳ್ಳಿ ಬಣ್ಣ. ರಾಗಿ, ಹುರುಳಿ ಒಕ್ಕಣೆಯೂ ಆಗಲೇ. ಹಳ್ಳಿ ರಸ್ತೆಯಲ್ಲಿ ತೆನೆ ಹರವಿರುತ್ತಾರೆ, ಅದರ ಮೇಲೆ ತುಳಿದು ಹೋಗದೆ ಪಕ್ಕದಲ್ಲಿ ನಡೆಯಿರಿ. ಸಂಕ್ರಾಂತಿಗೆ ಹೋದರೆ ಸಂಜೆ ಯಾವುದಾದರೂ ಹಳ್ಳಿಯಲ್ಲಿರಿ. ದನಗಳಿಗೆ ಕಿಚ್ಚು ಹಾಯಿಸುವುದನ್ನು ನೋಡಬಹುದು.

ಮಾರ್ಚ್‌ನಿಂದ ಮೇವರೆಗೆ ಬೇಡ. ಬಂಡೆ ಒಂಬತ್ತು ಗಂಟೆಗೇ ಕಾದುಬಿಡುತ್ತದೆ. ಕಾಡಿಗೆ ಬೆಂಕಿ ಬೀಳುವ ಕಾಲವೂ ಅದೇ, ಹಾಗಾಗಿ ಅರಣ್ಯ ಇಲಾಖೆಯವರು ಒಳಗೆ ಬಿಡದೇ ಇರಬಹುದು. ಏಪ್ರಿಲ್, ಮೇ ಮಧ್ಯಾಹ್ನಗಳಲ್ಲಿ ಗುಡುಗು ಸಿಡಿಲು ಜಾಸ್ತಿ. ಬೋಳು ಬಂಡೆ ಮೇಲೆ ನಿಂತು ಸಿಡಿಲಿಗೆ ಸಿಗಬೇಡಿ. ಮೋಡ ಕಪ್ಪಾದರೆ ಇಳಿಯುವುದೊಂದೇ ದಾರಿ. ಒಂಟಿ ಮರದ ಕೆಳಗಾಗಲಿ, ಕಂಬದ ಮಂಟಪದಲ್ಲಾಗಲಿ ನಿಲ್ಲಬೇಡಿ.

ಇನ್ನು ಜನಜಂಗುಳಿಯ ಲೆಕ್ಕ. ಮಾರ್ಚ್-ಏಪ್ರಿಲ್ ಹೊತ್ತಿಗೆ ಬರುವ ವೈರಮುಡಿ ಉತ್ಸವ ಜೀವನದಲ್ಲಿ ಒಮ್ಮೆ ನೋಡಲೇಬೇಕಾದದ್ದು. ವಜ್ರದ ಕಿರೀಟವನ್ನು ಮಂಡ್ಯದ ಖಜಾನೆಯಿಂದ ಪೊಲೀಸ್ ಕಾವಲಿನಲ್ಲಿ ತಂದು ಊರಿನ ದೇವರು ಚೆಲುವನಾರಾಯಣನಿಗೆ ತೊಡಿಸುತ್ತಾರೆ. ಆದರೆ ಆ ವಾರ ಕಾಲಿಡಲು ಜಾಗವಿರುವುದಿಲ್ಲ, ರೂಮಂತೂ ಕನಸು. ನಡೆಯಲು ಹೋಗುವವರು ಬೇರೆ ವಾರ ನೋಡಿಕೊಳ್ಳಿ. ವಾರಾಂತ್ಯ ಬಿಟ್ಟು ಸೋಮವಾರದಿಂದ ಗುರುವಾರದೊಳಗೆ ಹೋದರೆ ಊರು ಊರಿನ ಹಾಗಿರುತ್ತದೆ. ರಜೆ ಸಿಗುವುದಿಲ್ಲವೆಂದರೆ ಭಾನುವಾರ ಬೆಳಿಗ್ಗೆ ಶುರು ಮಾಡಿ ಮಂಗಳವಾರ ವಾಪಸಾಗಿ.

ಹೋಗುವುದು ಹೇಗೆ

ಕಾರು ಬೇಡ ಎಂದದ್ದಕ್ಕೆ ಕಾರಣವಿದೆ. ಕಾರು ನಿಲ್ಲಿಸಿದ ಜಾಗಕ್ಕೇ ವಾಪಸ್ ಬರಬೇಕು. ಅಲ್ಲಿಗೆ ನಿಮ್ಮ ನಡಿಗೆಯೆಲ್ಲ ಸುತ್ತಿ ಸುತ್ತಿ ಪಾರ್ಕಿಂಗ್‌ಗೇ ಬಂದು ನಿಲ್ಲುತ್ತದೆ. ಬಸ್ಸಲ್ಲಿ ಹೋದವರು ಒಂದು ಕಡೆ ಇಳಿದು ಇನ್ನೊಂದು ಕಡೆ ಹತ್ತಬಹುದು.

ಪಾಂಡವಪುರ ಮೈಸೂರು–ಬೆಂಗಳೂರು ರೈಲು ದಾರಿಯಲ್ಲೇ ಇದೆ. ಮೈಸೂರು ಕಡೆಯಿಂದ ಶ್ರೀರಂಗಪಟ್ಟಣ ದಾಟಿದರೆ ಮುಂದಿನ ನಿಲ್ದಾಣ. ಪ್ಯಾಸೆಂಜರ್, ಮೆಮು ಗಾಡಿಗಳು ನಿಲ್ಲುತ್ತವೆ. ಆದರೆ ನಿಲ್ದಾಣ ಊರಿಂದ ಕೆಲವು ಕಿಲೋಮೀಟರ್ ದೂರವಿದೆ, ಅಲ್ಲಿಂದ ಆಟೊ ಅಥವಾ ಬಸ್ ಹಿಡಿಯಬೇಕು. ಮೈಸೂರಿನವರಿಗೆ ನೇರ ಬಸ್ಸೇ ಸಲೀಸು. ಮೊದಲ ಬಸ್ಸಿಗೆ ಹೊರಟರೆ ಬಿಸಿಲೇರುವ ಮೊದಲೇ ಬೆಟ್ಟದ ಬುಡದಲ್ಲಿರುತ್ತೀರಿ. ಬೆಂಗಳೂರಿನವರು ಹಿಂದಿನ ರಾತ್ರಿ ಪಾಂಡವಪುರದಲ್ಲೋ ಶ್ರೀರಂಗಪಟ್ಟಣದಲ್ಲೋ ಉಳಿದುಕೊಳ್ಳಿ.

ರಾಜ್ಯದ ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ ಪ್ರಯಾಣ ಉಚಿತ. ಆಧಾರ್ ಇಟ್ಟುಕೊಂಡಿದ್ದರೆ ಸಾಕು. ಇದರಿಂದ ಬಸ್ಸು ತುಂಬಿರುತ್ತದೆ, ಅದೂ ನಿಜ. ಬೆನ್ನಚೀಲ ಚಿಕ್ಕದಾಗಿದ್ದಷ್ಟು ನಿಮಗೂ ಪಕ್ಕದವರಿಗೂ ನೆಮ್ಮದಿ.

ರೂಮಿನ ವಿಷಯ. ಮೇಲುಕೋಟೆಯಲ್ಲಿ ದೊಡ್ಡ ಹೋಟೆಲುಗಳನ್ನು ಹುಡುಕಬೇಡಿ. ಛತ್ರಗಳು, ಮಠಗಳ ಕೊಠಡಿಗಳು, ಸಣ್ಣ ಲಾಡ್ಜುಗಳಿವೆ. ಫೋನ್ ಮಾಡಿ ಖಚಿತ ಮಾಡಿಕೊಂಡೇ ಹೊರಡಿ. ಛತ್ರದಲ್ಲಿ ಉಳಿದರೆ ಅಲ್ಲಿನ ನಿಯಮ ಪಾಲಿಸಬೇಕು. ಮಾಂಸ, ಮದ್ಯ ನಡೆಯುವುದಿಲ್ಲ, ರಾತ್ರಿ ಬೇಗ ಬಾಗಿಲು ಹಾಕುತ್ತಾರೆ. ಹಾಸಿಗೆ ಮೇಲೆ ಹಾಸಲು ಒಂದು ಬೆಡ್‌ಶೀಟ್ ನಿಮ್ಮದೇ ಇರಲಿ.

ಚೀಲದಲ್ಲಿ ಏನಿರಬೇಕು

ಮೂರು ದಿನವೂ ಚೀಲ ನಿಮ್ಮ ಬೆನ್ನ ಮೇಲೇ ಇರುತ್ತದೆ ಎಂದುಕೊಂಡು ತುಂಬಿ. ಒಬ್ಬರಿಗೆ ಮೂರು ಲೀಟರ್ ನೀರು ಹಿಡಿಯುವಷ್ಟು ಬಾಟಲಿ, ಟೋಪಿ, ಟಾರ್ಚು, ಎರಡು ಜೊತೆ ಬಟ್ಟೆ, ಒಂದು ಪಂಚೆ ಅಥವಾ ದುಪಟ್ಟಾ, ಬ್ಯಾಂಡೇಜು, ಓಆರ್‌ಎಸ್ ಪೊಟ್ಟಣ, ಒಂದಿಷ್ಟು ಚಿಲ್ಲರೆ ದುಡ್ಡು. ಫೋನ್‌ಪೇ ಎಲ್ಲ ಕಡೆ ನಡೆಯುತ್ತದೆ, ಗುಡ್ಡದ ಮರೆಯಲ್ಲಿ ನೆಟ್‌ವರ್ಕ್ ಮಾತ್ರ ಕೈಕೊಡುತ್ತದೆ. ಹಾಗಾಗಿ ಮ್ಯಾಪ್ ಕೂಡ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ತಿನ್ನಲು ಹುರಿದ ಕಡಲೇಕಾಯಿ, ಹುರಿಗಡಲೆ, ಬೆಲ್ಲ, ಚಕ್ಕುಲಿ. ಬಾಳೆಹಣ್ಣು ಬೇಡವೇ ಬೇಡ. ಮೇಲುಕೋಟೆ ಕೋತಿಗಳಿಗೆ ನಿಮಗಿಂತ ಮೊದಲೇ ಅದು ಗೊತ್ತಾಗುತ್ತದೆ. ಪ್ಲಾಸ್ಟಿಕ್ ಕವರಿನ ಸರಸರ ಸದ್ದಾದರೂ ಸಾಕು, ಮೈಮೇಲೆ ಬರುತ್ತವೆ. ತಿಂಡಿಯನ್ನು ಬಟ್ಟೆಯಲ್ಲಿ ಸುತ್ತಿ ಚೀಲದ ತಳದಲ್ಲಿಡಿ. ಕೈಯಲ್ಲಿ ಏನೂ ಹಿಡಿದುಕೊಳ್ಳಬೇಡಿ. ಕನ್ನಡಕ ಹಾಕುವವರು ಅದಕ್ಕೊಂದು ದಾರ ಕಟ್ಟಿಕೊಳ್ಳುವುದು ಒಳ್ಳೆಯದು. ಕಸಿದುಕೊಂಡರೆ ಜಗ್ಗಾಡಬೇಡಿ, ಬಿಟ್ಟುಬಿಡಿ.

ಶೂ ಬಗ್ಗೆ ಒಂದೇ ಮಾತು: ರಬ್ಬರ್ ಅಟ್ಟೆ ಮೆತ್ತಗಿರಬೇಕು. ದುಬಾರಿ ಟ್ರೆಕ್ಕಿಂಗ್ ಬೂಟಿನ ಗಟ್ಟಿ ಅಟ್ಟೆ ನಮ್ಮ ಬಂಡೆಗಳ ಮೇಲೆ ಜಾರುತ್ತದೆ. ಸವೆಯದ ಕ್ಯಾನ್‌ವಾಸ್ ಶೂ ಎಷ್ಟೋ ವಾಸಿ.

ಮೊದಲ ದಿನ: ಕುಂತಿ ಬೆಟ್ಟ, ಆಲೆಮನೆ, ತೊಣ್ಣೂರು

ಪಾಂಡವಪುರದ ಹಳೆಯ ಹೆಸರು ಹಿರೋಡೆ. ಹೈದರ್, ಟಿಪ್ಪು ಕಾಲದಲ್ಲಿ ಅವರ ನೆರವಿಗಿದ್ದ ಫ್ರೆಂಚ್ ಪಡೆ ಇಲ್ಲಿ ಬೀಡುಬಿಟ್ಟಿತ್ತು, ಅದಕ್ಕೇ ಇಂಗ್ಲಿಷರು ಊರನ್ನು ಫ್ರೆಂಚ್ ರಾಕ್ಸ್ ಎಂದು ಕರೆದರು. ಊರಿನ ಜನರಿಗೆ ಮಾತ್ರ ಈ ಬಂಡೆಗಳು ಪಾಂಡವರವೇ. ವನವಾಸದಲ್ಲಿ ಕುಂತಿ ಇಲ್ಲಿದ್ದಳು, ಭೀಮ ಇಲ್ಲಿ ಓಡಾಡಿದ ಎಂಬ ಕತೆಗೆ ಬೆಟ್ಟದ ಮೇಲೆ ಗುರುತುಗಳನ್ನೂ ತೋರಿಸುತ್ತಾರೆ.

ಊರ ಅಂಚಿನಲ್ಲೇ ಬೆಟ್ಟ. ಬುಡದಲ್ಲಿ ಗುಡಿ, ಕೊಳ ಇವೆ. ಅಲ್ಲಿ ಯಾರನ್ನಾದರೂ ಕೇಳಿ, ಹತ್ತುವ ದಾರಿ ತೋರಿಸುತ್ತಾರೆ. ಬೆಳಕು ಹರಿದ ಮೇಲೇ ಹತ್ತಲು ಶುರು ಮಾಡಿ. ಸೂರ್ಯೋದಯ ನೋಡಬೇಕೆಂದು ಐದು ಗಂಟೆ ಕತ್ತಲಲ್ಲಿ ಟಾರ್ಚು ಹಿಡಿದು ಹತ್ತುವುದು ಈಗೀಗ ಶೋಕಿಯಾಗಿದೆ. ಮಂಡ್ಯದ ಬೆಟ್ಟಗಳಲ್ಲೆಲ್ಲ ಚಿರತೆ ಇದೆ. ಕಬ್ಬಿನ ಗದ್ದೆಯಿಂದ ಬಂಡೆಯ ಗವಿಗೆ ಅದು ಓಡಾಡುವ ಹೊತ್ತೂ ಅದೇ. ಆರೂವರೆಗೆ ಹೊರಟರೆ ಹತ್ತು ಗಂಟೆಯೊಳಗೆ ಕೆಳಗಿರಬಹುದು. ಅಷ್ಟು ಸಾಕು.

ಬಂಡೆ ಮೇಲೆ ನಡೆಯುವುದು ಮೆಟ್ಟಿಲು ಹತ್ತಿದ ಹಾಗಲ್ಲ. ಕುಂತಿ ಬೆಟ್ಟದ ಹಾಸುಬಂಡೆಗಳನ್ನು ಹತ್ತಿರ ಹೋಗಿ ನೋಡಿ. ಮೇಲಿನಿಂದ ಕೆಳಗೆ ಕಪ್ಪು ಪಟ್ಟೆಗಳು ಇಳಿದಿರುತ್ತವೆ. ಮಳೆನೀರು ವರ್ಷವರ್ಷವೂ ಹರಿಯುವ ಜಾಗ ಅದು, ಅಲ್ಲಿ ಪಾಚಿ ಕಟ್ಟಿ ಒಣಗಿರುತ್ತದೆ. ಒಣಗಿದ್ದಾಗ ಪರವಾಗಿಲ್ಲ ಅನ್ನಿಸುತ್ತದೆ, ನಾಲ್ಕು ಹನಿ ಬಿದ್ದರೆ ಎಣ್ಣೆ ಸುರಿದ ಹಾಗೆ ಜಾರುತ್ತದೆ. ಪಟ್ಟೆಗಳ ನಡುವೆ ತಿಳಿ ಬೂದು ಬಣ್ಣದ, ಕೈಯಿಟ್ಟರೆ ಉಪ್ಪುಕಾಗದದಂತೆ ತರಿತರಿ ಎನ್ನುವ ಬಂಡೆ ಇರುತ್ತದಲ್ಲ, ಕಾಲಿಡಬೇಕಾದದ್ದು ಅಲ್ಲಿ. ಪಾದ ಪೂರ್ತಿ ಊರಿ, ತುದಿಗಾಲಲ್ಲಿ ಬೇಡ. ಅಲ್ಲಲ್ಲಿ ಬಂಡೆಯ ಮೇಲಿನ ಪದರ ಸಿಪ್ಪೆಯಂತೆ ಎದ್ದಿರುತ್ತದೆ. ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಅದರ ಮೇಲೆ ಭಾರ ಹಾಕಬೇಡಿ.

ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ನೇರವಾಗಿ ಇಳಿಯದೆ ಅಡ್ಡಡ್ಡ ಇಳಿಯಿರಿ. ಭಯವಾದರೆ ಕೂತುಕೊಂಡು ಜರುಗಿ, ಯಾರೂ ನಗುವುದಿಲ್ಲ. ನಕ್ಕರೂ ಏನಂತೆ. ಬಂಡೆಗೆ ಬಾಣದ ಗುರುತು ಬರೆದಿದ್ದರೆ ಅದನ್ನು ಕಣ್ಣುಮುಚ್ಚಿ ನಂಬಬೇಡಿ. ಯಾರು, ಎಲ್ಲಿಗೆ ಹೋಗಲು ಬರೆದರೋ ನಿಮಗೆ ಗೊತ್ತಿಲ್ಲ.

ಮೇಲೆ ಹೆಜ್ಜೇನಿನ ಗೂಡುಗಳಿವೆಯೇ ನೋಡಿಕೊಳ್ಳಿ. ಬಂಡೆಯ ಕಡಿದಾದ ಮುಖದಲ್ಲಿ ಕಪ್ಪಾಗಿ ನೇತಾಡುತ್ತಿರುತ್ತವೆ. ನನ್ನ ಪ್ರಕಾರ ಈ ಬೆಟ್ಟಗಳಲ್ಲಿ ಚಿರತೆಗಿಂತ ಹೆಚ್ಚು ಹೆದರಬೇಕಾದದ್ದು ಇದಕ್ಕೆ. ಸಿಗರೇಟಿನ ಹೊಗೆ, ಘಾಟು ಸೆಂಟು, ಕಲ್ಲೆಸೆತ, ಡ್ರೋನ್ ಯಾವುದೂ ಬೇಡ. ಎದ್ದರೆ ಮುಖ ಮುಚ್ಚಿಕೊಂಡು ಅಲ್ಲಿಂದ ದೂರ ಹೋಗಿ. ಪಂಚೆ, ದುಪಟ್ಟಾ ಇಟ್ಟುಕೊಳ್ಳಿ ಎಂದದ್ದು ಇದಕ್ಕೂ ಹೌದು.

ಮೇಲಿನಿಂದ ಸುತ್ತ ಕಾಣುವುದೆಲ್ಲ ನಾಲೆ ನೀರಿನ ಸೀಮೆ. ಕನ್ನಂಬಾಡಿಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಬಾರದಿದ್ದರೆ ಮಂಡ್ಯದ ಕಬ್ಬೂ ಇಲ್ಲ, ಸಕ್ಕರೆಯೂ ಇಲ್ಲ. ತೊಣ್ಣೂರು ಕೆರೆ ಎತ್ತ ಕಡೆ ಎಂದು ಇಲ್ಲಿಂದಲೇ ಗುರುತು ಹಾಕಿಕೊಳ್ಳಿ. ಗಾಳಿ ತಿಳಿಯಾಗಿದ್ದರೆ ಚಾಮುಂಡಿ ಬೆಟ್ಟವೂ ಕಾಣುತ್ತದೆ. ಹತ್ತಿರದ ಬೇಬಿ ಬೆಟ್ಟ ನೋಡಿ ಅಲ್ಲಿಗೂ ಹೋಗೋಣ ಅನ್ನಿಸಬಹುದು. ಅದು ಕಲ್ಲು ಕ್ವಾರಿಗಳಿಂದ ಹೆಸರಾದ ಬೆಟ್ಟ, ಆಳದ ಗುಂಡಿಗಳಿವೆ, ಬಿಟ್ಟುಬಿಡಿ.

ಇಳಿದ ಮೇಲೆ ಊರಲ್ಲಿ ಊಟ. ಮುದ್ದೆ, ಉಪ್ಸಾರು ಸಿಗುವ ಮೆಸ್ಸು ಯಾವುದು ಎಂದು ಆಟೊದವರನ್ನು ಕೇಳಿ. ಅವರಿಗೆ ಗೊತ್ತಿರುವಷ್ಟು ಗೂಗಲ್‌ಗೆ ಗೊತ್ತಿಲ್ಲ.

ಮಧ್ಯಾಹ್ನ ತೊಣ್ಣೂರಿಗೆ ಹೋಗುವ ದಾರಿಯಲ್ಲಿ ಕಬ್ಬು ಅರೆಯುವ ಕಾಲವಾಗಿದ್ದರೆ ಆಲೆಮನೆಯ ಹೊಗೆ ದೂರದಿಂದಲೇ ಕಾಣುತ್ತದೆ. ಆಟೊ ನಿಲ್ಲಿಸಿ ಒಳಗೆ ಹೋಗಿ. "ಅಣ್ಣಾ, ನೋಡಬಹುದಾ?" ಎಂದು ಕೇಳಿದರೆ ಬೇಡ ಎನ್ನುವವರು ಕಡಿಮೆ. ಗಾಣದಿಂದ ಕಬ್ಬಿನ ಹಾಲು ಬಂದು ಕೊಪ್ಪರಿಗೆಗೆ ಬೀಳುತ್ತದೆ. ಒಲೆಗೆ ಉರುವಲು ಅದೇ ಕಬ್ಬಿನ ಒಣಸಿಪ್ಪೆ. ಹಾಲು ಕುದಿಯುವಾಗ ಕಡುಹಸಿರು ಮಡ್ಡಿ ಮೇಲೆ ಬರುತ್ತದೆ, ಉದ್ದ ಹಿಡಿಯ ಜಾಲರಿಯಲ್ಲಿ ಅದನ್ನು ತೆಗೆಯುತ್ತಲೇ ಇರುತ್ತಾರೆ. ಮಡ್ಡಿ ಒಡೆಯಲು ಕೆಲವು ಕಡೆ ಬೆಂಡೆ ಗಿಡದ ಲೋಳೆ ಹಾಕುವುದುಂಟು. ನೊರೆಯ ಬಣ್ಣ ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ತಿರುಗುತ್ತದೆ, ಗುಳ್ಳೆಗಳು ದೊಡ್ಡದಾಗಿ ನಿಧಾನಕ್ಕೆ ಒಡೆಯಲು ಶುರುವಾಗುತ್ತವೆ. ಪಾಕ ನೋಡುವವರು ಒಂದು ಚೂರನ್ನು ತಣ್ಣೀರಲ್ಲಿ ಬಿಟ್ಟು ಬೆರಳಲ್ಲಿ ಉರುಟಿ ನೋಡುತ್ತಾರೆ. ಇದಾದ ಮೇಲೆ ಯಾರೂ ನಿಮ್ಮ ಜೊತೆ ಮಾತಾಡುವುದಿಲ್ಲ, ಎಲ್ಲರ ಗಮನ ಕೊಪ್ಪರಿಗೆ ಮೇಲೆ. ಒಂದು ನಿಮಿಷ ತಡವಾದರೂ ಸೀದುಹೋಗುತ್ತದೆ. ಆಗ ಪಕ್ಕಕ್ಕೆ ಸರಿದು ನಿಲ್ಲಿ, ಫೋಟೊ ಹೊಡೆಯಲು ಕೊಪ್ಪರಿಗೆ ಮೇಲೆ ಬಾಗಬೇಡಿ. ಬಿಸಿ ಬೆಲ್ಲ ಕೈಗೆ ಕೊಟ್ಟರೆ ತಿನ್ನಿ, ಬರುವಾಗ ಒಂದೆರಡು ಕಿಲೋ ಕೊಂಡುಕೊಳ್ಳಿ. ಸುಮ್ನೆ ನೋಡಿಕೊಂಡು ಬರುವುದು ಮರ್ಯಾದೆ ಅಲ್ಲ.

ತೊಣ್ಣೂರಿಗೆ ಜನ ಬರುವುದು ಕೆರೆಗೆ. ಎರಡು ಗುಡ್ಡಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ ತಿಳಿನೀರು. ರಾಮಾನುಜರು ಇದನ್ನು ತಿರುಮಲಸಾಗರ ಎಂದರಂತೆ. 18ನೇ ಶತಮಾನದಲ್ಲಿ ಹೈದರಾಬಾದಿನ ನಾಸಿರ್ ಜಂಗ್ ನೀರಿನ ತಿಳಿ ನೋಡಿ ಮೋತಿ ತಲಾಬ್ ಎಂದನಂತೆ. ಏರಿ ಮೇಲೆ ನಡೆಯಿರಿ, ಕೂತುಕೊಳ್ಳಿ. ನೀರಿಗೆ ಮಾತ್ರ ಇಳಿಯಬೇಡಿ. ತಿಳಿಯಾಗಿದೆ ಎಂದು ಆಳ ಗೊತ್ತಾಗುವುದಿಲ್ಲ, ಜೀವ ಕಳೆದುಕೊಂಡವರಿದ್ದಾರೆ. ನಾಲೆಗೂ ಇದೇ ಮಾತು. ಅದರ ಸೆಳೆತಕ್ಕೆ ಈಜು ಬಂದವರೂ ನಿಲ್ಲುವುದಿಲ್ಲ, ಸಿಮೆಂಟ್ ಅಂಚಿನಲ್ಲಿ ಮೇಲೆ ಹತ್ತಲು ಹಿಡಿಯೂ ಸಿಗುವುದಿಲ್ಲ.

ಕೆರೆಗಿಂತ ನನಗೆ ಊರೊಳಗಿನ ನಂಬಿನಾರಾಯಣ ಗುಡಿ ಇಷ್ಟ. ಎತ್ತರದ ಕಂಬಗಳ ತಣ್ಣನೆಯ ಮಂಟಪ, ಜನ ಕಡಿಮೆ. ಮಧ್ಯಾಹ್ನ ಬಾಗಿಲು ಹಾಕಿರುತ್ತಾರೆ, ಸಂಜೆ ತೆಗೆಯುವ ಹೊತ್ತು ಕೇಳಿಕೊಂಡು ಅದಕ್ಕೆ ಸರಿಯಾಗಿ ಹೋಗಿ. ಅಲ್ಲಿಂದ ಮೇಲುಕೋಟೆಗೆ ಹೋಗಲು ಜಕ್ಕನಹಳ್ಳಿಯ ಕಡೆಗೆ ಬರಬೇಕು. ಮೇಲುಕೋಟೆ ಬಸ್ಸುಗಳು ಸಿಗುವುದು ಅಲ್ಲಿ. ಕತ್ತಲಾದ ಮೇಲೆ ಬಸ್ಸು ನಂಬಿಕೊಳ್ಳಬೇಡಿ. ಐದು ಗಂಟೆಗೆಲ್ಲ ತೊಣ್ಣೂರು ಬಿಡಿ.

ಎರಡನೇ ದಿನ: ತೀರ್ಥಗಳ ದಾರಿ

ಇಡೀ ಪ್ರವಾಸದ ತಿರುಳು ಈ ದಿನ. ಮೇಲುಕೋಟೆ ಸುತ್ತ ನಡೆಯಲು ಹೊಸ ಟ್ರೆಕ್ಕಿಂಗ್ ದಾರಿ ಹುಡುಕಬೇಕಾಗಿಲ್ಲ. ಊರಿನವರು ತಲೆಮಾರುಗಳಿಂದ ನಡೆಯುತ್ತಿರುವ ದಾರಿಯೊಂದಿದೆ. ಕಾರ್ತಿಕದಲ್ಲಿ, ರಾಜಮುಡಿ ಉತ್ಸವದ ಹೊತ್ತಿಗೆ ಅಷ್ಟತೀರ್ಥೋತ್ಸವ ನಡೆಯುತ್ತದೆ. ಆ ದಿನ ಭಕ್ತರು ಕಲ್ಯಾಣಿಯಿಂದ ಹೊರಟು ವೇದಪುಷ್ಕರಿಣಿ, ಧನುಷ್ಕೋಟಿ, ದರ್ಭತೀರ್ಥ, ಪಲಾಶತೀರ್ಥ, ಪದ್ಮತೀರ್ಥ ಹೀಗೆ ಬೆಟ್ಟದ ಕೊಳಗಳನ್ನೆಲ್ಲ ಸುತ್ತಿ ತೊಟ್ಟಿಲುಮಡು ತಲುಪುತ್ತಾರೆ. ಮಕ್ಕಳಾಗಲಿ ಎಂದು ಹರಕೆ ಹೊತ್ತವರು ಜಾಸ್ತಿ ಬರುತ್ತಾರೆ. ಉತ್ಸವದ ದಿನ ದಾರಿ ತಪ್ಪುವ ಪ್ರಶ್ನೆಯೇ ಇಲ್ಲ, ಮುಂದಿನವರ ಹಿಂದೆ ಹೋದರಾಯಿತು. ಉಳಿದ ದಿನ ಒಬ್ಬ ಸ್ಥಳೀಯರು ಜೊತೆಗಿರಬೇಕು.

ಹೇಗೆ ಹೊಂದಿಸಿಕೊಳ್ಳುವುದು? ಹಿಂದಿನ ಸಂಜೆ ಛತ್ರದವರನ್ನೋ ಪುಳಿಯೋಗರೆ ಹೋಟೆಲಿನವರನ್ನೋ ಕೇಳಿ: "ತೀರ್ಥಗಳ ದಾರಿ ಗೊತ್ತಿರೋರು ಯಾರಾದ್ರೂ ಬರ್ತಾರಾ?" ದನ ಮೇಯಿಸುವವರು, ಉತ್ಸವಕ್ಕೆ ಪ್ರತಿವರ್ಷ ಹೋಗುವವರು ಯಾರಾದರೂ ಸಿಗುತ್ತಾರೆ. ಅರ್ಧ ದಿನದ ಕೂಲಿಗಿಂತ ಕಡಿಮೆ ಕೊಡಬೇಡಿ, ಎಷ್ಟು ಎಂದು ಮೊದಲೇ ಮಾತಾಡಿಕೊಳ್ಳಿ, ತಿಂಡಿ ನಿಮ್ಮದು. ಹಾಗೆಯೇ ಅರಣ್ಯ ಇಲಾಖೆಯ ಕಚೇರಿಯಲ್ಲೂ ಒಂದು ಮಾತು ಕೇಳಿ. ಯಾವ ದಾರಿಗೆ ಅನುಮತಿ ಬೇಕು, ಯಾವುದು ಸದ್ಯಕ್ಕೆ ಬಂದ್ ಎಂದು ಅವರೇ ಹೇಳಬೇಕು. ಆನ್‌ಲೈನ್ ಟಿಕೆಟ್ ಇರುವ ಟ್ರೆಕ್‌ಗಳು ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿವೆ, ಹೊರಡುವ ಮೊದಲೇ ನೋಡಿಕೊಳ್ಳಿ.

ಇಷ್ಟೆಲ್ಲ ಯಾಕೆಂದರೆ ಸುತ್ತಲಿನ ಕಾಡು 1974ರಿಂದ ವನ್ಯಜೀವಿ ಧಾಮ. ಅದನ್ನು ಮಾಡಿದ್ದೇ ತೋಳಗಳಿಗಾಗಿ. ಸುಮಾರು 50 ಚದರ ಕಿಲೋಮೀಟರ್ ಕುರುಚಲು ಕಾಡು, ಬಂಡೆ, ಹುಲ್ಲು. ಹುಲಿ, ಆನೆ ಇಲ್ಲದ್ದರಿಂದ ನಮ್ಮವರು ಇದನ್ನು ಕಾಡು ಎಂದೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ತೋಳ ಸಿಗುವ ಜಾಗ ಎಷ್ಟಿವೆ ಹೇಳಿ ನೋಡೋಣ? ನಿಮಗೆ ಅದು ಕಾಣುವುದು ಅನುಮಾನ. ನವಿಲು, ಮೊಲ ಖಂಡಿತ. ಹದ್ದುಗಳು ಬಂಡೆಯ ಬಿಸಿಗಾಳಿ ಹಿಡಿದು ರೆಕ್ಕೆ ಬಡಿಯದೆ ಮೇಲೇರುವುದು ಒಂಬತ್ತು ಗಂಟೆ ಮೇಲೆ ಚೆನ್ನಾಗಿ ಕಾಣುತ್ತದೆ.

ಬೆಳಿಗ್ಗೆ ಆರೂವರೆ, ಏಳಕ್ಕೆ ಹೊರಡಿ. ಅವಸರ ಬೇಡ. ಎಲ್ಲ ಕೊಳಗಳನ್ನೂ ಮುಗಿಸಲೇಬೇಕೆಂಬ ಹಟ ಇದ್ದರೆ ಅದು ಮತ್ತೆ ಕಾರಿನಲ್ಲಿ ಬಂದವರ ಪ್ಲಾನೇ ಆಯಿತು, ಅಲ್ವಾ? ಧನುಷ್ಕೋಟಿಯಲ್ಲಿ ಒಂದಷ್ಟು ಹೊತ್ತು ಕೂರಿ. ಸೀತೆಗೆ ಬಾಯಾರಿದಾಗ ರಾಮ ಬಾಣ ಬಿಟ್ಟು ಬಂಡೆ ಸೀಳಿ ನೀರು ತಂದ ಜಾಗ ಎನ್ನುತ್ತಾರೆ. ಬೋಳು ಬಂಡೆಯ ಮೇಲೆ, ಸುತ್ತ ಎಲ್ಲೂ ಇಲ್ಲದ ನೀರು ಅಲ್ಲೇ ಯಾಕೆ ಎಂಬ ಪ್ರಶ್ನೆ ಯಾರಿಗಾದರೂ ಬರುತ್ತದೆ. ಬಂಡೆಯ ಬಿರುಕುಗಳಲ್ಲಿ ಇಳಿದ ಮಳೆನೀರು ಮುಂದೆ ಹೋಗಲಾಗದೆ ತಗ್ಗಿನಲ್ಲಿ ಹೊರಬರುತ್ತದೆ. ಹಳಬರು ಅಂಥ ಜಾಗ ಗುರುತಿಸಿ, ಕಲ್ಲು ಕಟ್ಟಿ, ಒಂದು ಹೆಸರಿಟ್ಟು, ಹೆಸರಿಗೊಂದು ಕತೆ ಸೇರಿಸಿದರು. ಕತೆ ಇದ್ದ ಕೊಳವನ್ನು ಯಾರೂ ಮುಚ್ಚುವುದಿಲ್ಲ. ತೀರ್ಥದ ನೀರನ್ನು ತಲೆಗೆ ಚಿಮುಕಿಸಿಕೊಳ್ಳಿ, ಕುಡಿಯಲು ನಿಮ್ಮ ಬಾಟಲಿ ನೀರೇ ಇರಲಿ. ಸೋಪು, ಶಾಂಪು ಅಲ್ಲಿಗೆ ಒಯ್ಯಬೇಡಿ.

ದಾರಿ ಕೇಳುವ ಬಗ್ಗೆ ಒಂದು ಸಲಹೆ. ನಮ್ಮ ಕಡೆಯವರಿಗೆ ಎಲ್ಲವೂ "ಇಲ್ಲೇ, ಹತ್ರಾನೇ". "ಒಂದು ಕೂಗಳತೆ" ಎಂದರೆ ಅರ್ಧ ಕಿಲೋಮೀಟರ್ರೂ ಇರಬಹುದು, ಮೂರೂ ಇರಬಹುದು. ಎಷ್ಟು ಕಿಲೋಮೀಟರ್ ಎಂದು ಕೇಳಬೇಡಿ. "ಅವ್ವಾ, ನೀವು ನಡೆದ್ರೆ ಎಷ್ಟೊತ್ತಾಗುತ್ತೆ?" ಎಂದು ಕೇಳಿ, ಬಂದ ಉತ್ತರವನ್ನು ಎರಡರಿಂದ ಗುಣಿಸಿ. ಅದಕ್ಕೂ ಮೊದಲು ಅವರು ನಿಮ್ಮನ್ನು ಕೇಳುವ ಪ್ರಶ್ನೆ ಒಂದಿದೆ: "ಯಾವೂರಾಯ್ತು?" ಅದಕ್ಕೆ ನೆಟ್ಟಗೆ ಉತ್ತರ ಕೊಡಿ. ಊರು, ನಂಟರು, ಬೆಳೆ, ಮಳೆ ಎಂದು ಮಾತು ಎತ್ತಲೋ ಹೋಗುತ್ತದೆ. ಹೋಗಲಿ. ಈ ಪ್ರವಾಸಕ್ಕೆ ಮೂರು ದಿನ ಇಟ್ಟದ್ದೇ ಇದಕ್ಕೆ.

ಹುಲ್ಲು ಎದೆಯೆತ್ತರ ಬೆಳೆದ ಕಡೆ ಕೋಲಿನಿಂದ ಬಡಿಯುತ್ತಾ ನಡೆಯಿರಿ. ಕೊಳಕುಮಂಡಲ ಹಾವು ಇಂಥ ಕಡೆಯೇ ಇರುತ್ತದೆ, ಕೈಯಿಡುವ ಕಲ್ಲುಸಂದಿಯನ್ನು ಮೊದಲು ನೋಡಿ. ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ನಾಟಿ ಔಷಧ ಯಾವುದೂ ಬೇಡ. ಕಾಲು ಅಲ್ಲಾಡಿಸದೆ 108 ಕರೆದು ನೇರ ಮಂಡ್ಯ ಅಥವಾ ಮೈಸೂರಿನ ದೊಡ್ಡ ಸರ್ಕಾರಿ ಆಸ್ಪತ್ರೆಗೆ. ಬೇರೆ ತುರ್ತಿಗೆ 112. ಚಿರತೆ ಎದುರಾದರೆ ಓಡಬೇಡಿ, ಬೆನ್ನು ಹಾಕಬೇಡಿ, ಮಕ್ಕಳನ್ನು ಎತ್ತಿಕೊಂಡು ಗಟ್ಟಿಯಾಗಿ ಮಾತಾಡುತ್ತಾ ಹಿಂದೆ ಸರಿಯಿರಿ. ಬ್ಲೂಟೂತ್ ಸ್ಪೀಕರ್ ಹಾಕಿಕೊಂಡು ನಡೆಯುವವರಿಗೆ ಯಾವ ಪ್ರಾಣಿಯೂ ಎದುರಾಗುವುದಿಲ್ಲ, ಆದರೆ ಅವರು ದಯವಿಟ್ಟು ಬೇರೆ ಕಡೆ ಹೋಗಲಿ.

ಹನ್ನೊಂದರ ಹೊತ್ತಿಗೆ ಊರಿಗೆ ವಾಪಸಾಗಿ. ಪುಳಿಯೋಗರೆ, ಸಕ್ಕರೆ ಪೊಂಗಲ್ ತಿಂದು ಮಲಗಿ. ನಿಜ, ಮಲಗಿ. ಸಂಜೆ ನಾಲ್ಕೂವರೆ ಮೇಲೆ ಎದ್ದು ಅಕ್ಕತಂಗಿ ಕೊಳದ ಕಡೆ ಹೋಗಿ. ಅಕ್ಕಪಕ್ಕ ಎರಡು ಕೊಳ, ಒಂದರ ನೀರು ಸಿಹಿ, ಇನ್ನೊಂದರದ್ದು ಬಳಕೆಗೆ ಬಾರದ್ದು ಎಂಬ ಕತೆ. ಯಾರ ಕೊಳ ಯಾವುದು, ಯಾಕೆ ಹಾಗಾಯಿತು ಎಂದು ಅಲ್ಲಿ ಕೂತವರನ್ನು ಕೇಳಿ. ಇಬ್ಬರನ್ನು ಕೇಳಿದರೆ ಎರಡು ಕತೆ ಸಿಗುತ್ತವೆ. ರಾಯಗೋಪುರ ಹತ್ತಿರದಲ್ಲೇ. ಮುಗಿಯದೆ ನಿಂತ ವಿಜಯನಗರ ಕಾಲದ ಬಾಗಿಲು, ಎತ್ತರದ ಕಂಬಗಳು. ಸಿನಿಮಾದವರು ತೋರಿಸಿ ತೋರಿಸಿ ಹಳತು ಮಾಡಿಬಿಟ್ಟಿದ್ದಾರೆ, ಆದರೂ ಇಳಿಬಿಸಿಲಲ್ಲಿ ಚೆನ್ನಾಗಿದೆ.

ಮೂರನೇ ದಿನ: ನರಸಿಂಹನ ಬೆಟ್ಟ, ಆಮೇಲೆ ಬೀದಿಗಳು

ಬೆಳಗಾದ ಕೂಡಲೇ ಯೋಗನರಸಿಂಹನ ಬೆಟ್ಟ ಹತ್ತಿ. ಮುನ್ನೂರು ಚಿಲ್ಲರೆ ಮೆಟ್ಟಿಲು, ಅರ್ಧ ಗಂಟೆ ಸಾಕು. ಗುಡಿ ಬಾಗಿಲು ಯಾವಾಗ ತೆಗೆಯುತ್ತಾರೆ ಎಂದು ಹಿಂದಿನ ಸಂಜೆಯೇ ಕೇಳಿಟ್ಟುಕೊಳ್ಳಿ. ದರ್ಶನ ಬೇಕಾದವರು ಆ ಹೊತ್ತಿಗೆ ಹೋಗಿ. ನಡಿಗೆಗಾಗಿ ಹೋಗುವವರು ಬಾಗಿಲಿಗೆ ಕಾಯಬೇಕಿಲ್ಲ. ಹಿಂದಿನ ದಿನ ನಡೆದ ಗುಡ್ಡ, ಕಾಡು ಪೂರ್ತಿ ಇಲ್ಲಿಂದ ಕಾಣುತ್ತದೆ, ಎಲ್ಲೆಲ್ಲಿ ಸುತ್ತಿದೆವು ಎಂದು ಬೆರಳಿಟ್ಟು ತೋರಿಸಬಹುದು.

ಇಳಿದ ಮೇಲೆ ಕಲ್ಯಾಣಿಯ ಸುತ್ತಲಿನ ಬೀದಿಗಳಲ್ಲಿ ಗುರಿಯಿಲ್ಲದೆ ಓಡಾಡಿ. ಹಳೆಯ ಮನೆಗಳ ಜಗಲಿ, ಕಲ್ಲಿನ ಕಂಬ, ಬಾಗಿಲಲ್ಲಿ ರಂಗೋಲಿ. ಕೈಮಗ್ಗದ ಪಂಚೆಗೆ ಮೇಲುಕೋಟೆ ಹೆಸರಾದ ಊರು. ಮಗ್ಗದ ಸದ್ದು ಕೇಳಿದರೆ ಹೊರಗಿಂದಲೇ ಕರೆದು, ಒಪ್ಪಿದರೆ ಒಳಗೆ ಹೋಗಿ ನೋಡಿ. ನಾಮಕ್ಕೆ ಬಳಸುವ ಬಿಳಿ ಮಣ್ಣು ಇಲ್ಲಿಂದ ದೂರದೂರಕ್ಕೆ ಹೋಗುತ್ತಿತ್ತು, ಈಗಲೂ ಅಂಗಡಿಗಳಲ್ಲಿ ಉಂಡೆ ಸಿಗುತ್ತದೆ. ಪುಳಿಯೋಗರೆ ಗೊಜ್ಜು ಕೊಳ್ಳುವುದಾದರೆ ಎಣ್ಣೆ ಮೇಲೆ ತೇಲಿರುವುದನ್ನು ಆರಿಸಿ, ಜಾಸ್ತಿ ದಿನ ಇರುತ್ತದೆ. ಮನೆಗಳ ಜಗಲಿ ಮೇಲೆ ಕೂತು ರೀಲ್ಸ್ ಮಾಡುವ ಮೊದಲು ಮನೆಯವರನ್ನು ಕೇಳಬೇಕು ಎಂಬುದನ್ನು ಬರೆಯಬೇಕಾಗಿ ಬಂದಿರುವುದೇ ಬೇಸರ.

ಇನ್ನೂ ಕಾಲಲ್ಲಿ ಶಕ್ತಿಯಿದ್ದರೆ ಕೆ.ಆರ್. ಪೇಟೆ ಕಡೆಯ ನಾರಾಯಣದುರ್ಗ ಎಂದು ಯಾರಾದರೂ ಆಸೆ ಹುಟ್ಟಿಸಬಹುದು. ಒಳ್ಳೆಯ ಬೆಟ್ಟ, ಆದರೆ ಕಡಿದು, ದಾರಿ ಸರಿಯಾಗಿಲ್ಲ. ದಾರಿ ಬಲ್ಲವರಿಲ್ಲದೆ ಹೋಗಬೇಡಿ. ಅದಕ್ಕೆ ಇನ್ನೊಂದು ಪ್ರವಾಸವೇ ಆಗಲಿ.

ಮೂರು ದಿನ ಸಿಗದವರಿಗೆ

ಒಂದೇ ದಿನ ಇದೆ ಎನ್ನುವವರು ಮೇಲುಕೋಟೆಗೆ ಓಡಬೇಡಿ. ಶ್ರೀರಂಗಪಟ್ಟಣದ ಹತ್ತಿರ ಕರಿಘಟ್ಟ ಇದೆ. ಕರಿಕಲ್ಲಿನ ಶ್ರೀನಿವಾಸನ ಗುಡಿ, ನಾನೂರೈವತ್ತರ ಆಸುಪಾಸು ಮೆಟ್ಟಿಲು, ಕೆಳಗೆ ಲೋಕಪಾವನಿ ಕಾವೇರಿಯನ್ನು ಸೇರುವುದು ಕಾಣುತ್ತದೆ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಇದೇ ಸರಿ, ಮೇಲಿನವರೆಗೆ ರಸ್ತೆಯೂ ಇದೆ. ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಬೆಟ್ಟ ಇದಕ್ಕಿಂತ ಎಷ್ಟೋ ಎತ್ತರ, ಮೆಟ್ಟಿಲು ಹತ್ತಿ ಹತ್ತಿ ಸಾಕಾಗುತ್ತದೆ. ಜನ ಕಡಿಮೆ, ಗಾಳಿ ಜೋರು. ಮೊಣಕಾಲು ನೋವಿರುವವರಿಗೆ ಬೇಡ.

ವಾಪಸ್

ಮೇಲುಕೋಟೆಯಿಂದ ಮೈಸೂರು, ಮಂಡ್ಯ ಎರಡಕ್ಕೂ ಬಸ್ಸಿದೆ. ಮೈಸೂರು 50 ಕಿಲೋಮೀಟರ್ ಆಸುಪಾಸು, ಮಂಡ್ಯ ಅದಕ್ಕಿಂತ ಹತ್ತಿರ. ಬೆಂಗಳೂರಿನವರು ಮಂಡ್ಯಕ್ಕೆ ಬಂದು ರೈಲು ಹತ್ತುವುದು ಸುಲಭ, ದಾರಿಯಲ್ಲಿ ಮದ್ದೂರು ವಡೆಯೂ ಬರುತ್ತದೆ. ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ಬೋರ್ಡು ನೋಡಬೇಡಿ, ಕಂಡಕ್ಟರನ್ನು ಕೇಳಿ. ಅವರು ಹೇಳಿದ ಬಸ್ಸಿಗಿಂತ ಒಂದು ಮೊದಲಿನದ್ದಕ್ಕೆ ಹತ್ತಿ. ಕೊನೆಯದು ಬರದಿದ್ದರೆ ಜಕ್ಕನಹಳ್ಳಿಯವರೆಗೆ ಆಟೊ, ಅಲ್ಲಿಂದ ಯಾವುದಾದರೂ ಬಸ್ಸು ಸಿಗುತ್ತದೆ. ಪ್ಲಾಸ್ಟಿಕ್ ಬಾಟಲಿ, ಚಿಪ್ಸ್ ಕವರು ಎಲ್ಲ ಚೀಲದಲ್ಲೇ ಊರಿಗೆ ತನ್ನಿ. ಬೆಟ್ಟದ ಮೇಲೆ ಕಸದ ಬುಟ್ಟಿ ಇದ್ದರೂ ಅದರಲ್ಲಿ ಹಾಕಬೇಡಿ, ಕೋತಿಗಳು ಅರ್ಧ ಗಂಟೆಯಲ್ಲಿ ಅದನ್ನೆಲ್ಲ ಬೆಟ್ಟದ ತುಂಬ ಹರಡಿರುತ್ತವೆ.